ಹಿಂಬಾಕಿ

ನನ್ನದು ಬೆರಳಿನ ಕೆಲಸ. ಕಿವಿಗೆ ಬಿದ್ದದ್ದು
ಬೆರಳಿಗಿಳಿಯಬೇಕು, ನಡುವೆ ನಾನು ಬರಬಾರದು.
ಇಪ್ಪತ್ತೆರಡು ವರ್ಷ ಹೀಗೆ ಬಾರದೆ ಕೂತಿದ್ದೇನೆ
ನೆಬ್ರಾಸ್ಕಾದ ಈ ಕೌಂಟಿ ಕೋರ್ಟಿನಲ್ಲಿ,
ಕಿಟಕಿಯಾಚೆ ಜೋಳದ ಕಣಜ, ಗೂಡ್ಸ್ ಗಾಡಿ, ಹಿಮ.

ಫೆಬ್ರವರಿಯ ಮಂಗಳವಾರ, ಎರಡನೆಯ ಕೇಸು.
ವೆಂಡೆಲ್ ಕುಬಿಕ್, ಹಂದಿ ಕಾರ್ಖಾನೆಯ ರಾತ್ರಿಪಾಳಿಯಿಂದ
ನೆಟ್ಟಗೆ ಇಲ್ಲಿಗೇ ಬಂದಿರಬೇಕು:
ರಸ್ತೆಗೆ ಎರಚಿದ ಉಪ್ಪು ಬೂಟಿನಂಚಿಗೆ
ಬಿಳಿಗೆರೆಯಾಗಿ ಒಣಗಿತ್ತು.
ಅತ್ತ ಟ್ರೂಡಿ. ಪಕ್ಕದಲ್ಲಿ ಅವಳ ಈಗಿನ ಗಂಡ,
ಹೊಸ ಟೈ ಕಟ್ಟಿದ್ದಾನೆ, ಮದುವೆಗೆ ಬಂದವನ ಹಾಗೆ.
ಮಗು ಬಂದಿರಲಿಲ್ಲ. ಅದಕ್ಕೆ ಶಾಲೆಯಿತ್ತು.

ಯಾರಾದರೂ ಒತ್ತಾಯ ಮಾಡಿದರೆ? ನ್ಯಾಯಾಧೀಶೆ ಕೇಳಿದರು.
ಅವನು ತಲೆಯಲ್ಲಾಡಿಸಿದ.
ತಲೆಯಲ್ಲಾಡಿಸಿದ್ದು ದಾಖಲಾಗುವುದಿಲ್ಲ, ಬಾಯಿಬಿಟ್ಟು ಹೇಳಿ.
ಇಲ್ಲ, ಎಂದ.
ಇಲ್ಲ, ಎಂದು ಒತ್ತಿದೆ.

ಇನ್ನು ಅವಳ ಶಾಲೆ, ಅವಳ ಜ್ವರ, ಅವಳ ದೇವರು
ಯಾವುದರಲ್ಲೂ ನಿಮ್ಮ ಮಾತು ನಡೆಯದು.
ಎಲ್ಲಿದ್ದಾಳೆಂದು ನಿಮಗೆ ಹೇಳಬೇಕಾದ್ದಿಲ್ಲ,
ನೀವು ಹೋದರೆಂದು ಅವಳಿಗೂ.
ತಿಳಿಯಿತೆ?
ತಿಳಿಯಿತು.
ನನ್ನ ಯಂತ್ರದಲ್ಲಿ ಅದು ಒಂದೇ ಒತ್ತು.

ಇನ್ನು ಹಿಂಬಾಕಿ. ಹನ್ನೊಂದು ಸಾವಿರದ ನಾನೂರು ಡಾಲರ್.
ತಿಂಗಳ ದುಡ್ಡು ನಿಂತರೂ ಇದು ನಿಲ್ಲುವಂಥದ್ದಲ್ಲ.
(ಬಹಳ ಜನ ಇಲ್ಲಿ ಸಿಡಿಯುತ್ತಾರೆ. ಮಗುವೇ
ನನ್ನದಲ್ಲ ಅಂದಮೇಲೆ ಸಾಲ ಯಾರದ್ರೀ? ಎಂದು ಮೇಜು ಗುದ್ದಿದವರ
ಗುದ್ದು ಕೂಡ ದಾಖಲಾಗಿಲ್ಲ.)
ಆದರೆ ಪೂರ್ತಿ ಬಿಟ್ಟುಕೊಡಲು ಇವರು ಒಪ್ಪಿದ್ದಾರೆ.

ಬೇಡ, ಎಂದ.
ಬೇಡವೆ?
ಅದೊಂದು ಇರಲಿ.

ಬಿಸಿನೀರಿನ ಕೊಳವೆ ಗೋಡೆಯೊಳಗೆ ಲಟಲಟ ಎಂದಿತು.
ಸಂಬಂಧ ಹರಿಯುವುದನ್ನು ದಿನಾ ನೋಡುತ್ತೇನೆ,
ಋಣ ಉಳಿಸಿಕೊಳ್ಳಲು ಬೇಡಿದವನನ್ನು ನೋಡಿರಲಿಲ್ಲ.
ನ್ಯಾಯಾಧೀಶೆ ಕನ್ನಡಕ ತೆಗೆದು
ಬಿಡುವುದು ಆಕೆಯ ಇಷ್ಟ, ನಿಮ್ಮದಲ್ಲ, ಎಂದರು.

ಟ್ರೂಡಿ ಗಂಡನ ಕಡೆ ನೋಡಲಿಲ್ಲ.
ತಿಂಗಳಿಗೆ ಐವತ್ತು ಕೊಡಲಿ, ಎಂದಳು.
ಸಾಕು.

ಐವತ್ತರಂತೆ ಇನ್ನೂರ ಇಪ್ಪತ್ತೆಂಟು ತಿಂಗಳು.
ಹತ್ತೊಂಬತ್ತು ವರ್ಷ. ಅವಳಿಗೀಗ ಏಳು.
ಕರುಣೆಯೋ, ಹಗೆಯೋ,
ಎರಡಕ್ಕೂ ನನ್ನಲ್ಲಿ ಕೀಲಿಯಿಲ್ಲ.
ಸಾಕು, ಎಂದಷ್ಟೇ ಒತ್ತಿದೆ.

ಸಹಿಗೆ ನಾಲ್ಕು ನಿಮಿಷ. ಲೇಖನಿ ಒಮ್ಮೆ ಒಣಗಿತು,
ಗುಮಾಸ್ತ ಬೇರೆ ಕೊಟ್ಟ.

ಎಲ್ಲ ಹೋದಮೇಲೆ ನನ್ನ ಮೇಜಿಗೆ ಬಂದ.
ಹಂದಿಮಾಂಸದ ತಣ್ಣನೆ ವಾಸನೆ, ಸೋಪಿನ ವಾಸನೆ.
ಹೆಸರು ಸರಿಯಾಗಿ ಬರೆದಿದ್ದೀರಾ? ಕಮಿಲಾ.
ಕೆ ಇಂದ ಶುರು, ಸಿ ಅಲ್ಲ. ಎಲ್ ಒಂದೇ.
ನಮ್ಮಜ್ಜಿಯದು. ಎಲ್ಲರೂ ತಪ್ಪು ಬರೆಯುತ್ತಾರೆ.
ತಿದ್ದಿದೆ. ಬಗ್ಗಿ ನೋಡಿದ, ಸರಿ ಎಂದ.

ಮನೆತನದ ಹೆಸರು? ಎಂದು ಮುಂದೆ ಕೇಳಬೇಕು,
ಅದೂ ನನ್ನ ಕೆಲಸವೇ.
ಕೇಳಲಿಲ್ಲ.