ಗೋಧಿಯ ಮೇಲೆ ಇಳಿಯುವುದು

ನಾನು ಬಡಗಿ. ಹಡಗಿನ ಬಡಗಿ.
ಕ್ಲೈಡ್ ನದಿಯ ಕಟ್ಟೆಯಲ್ಲಿ ಅವಳ ನೆತ್ತಿ ಬೋಳಿಸುವಾಗ
ಟೋಪಿ ಹಿಡಿದು ನಿಂತಿದ್ದೆ.
ಹೊಗೆಗೂಡು, ಕೂವೆಮರ, ಕ್ಯಾಪ್ಟನ್ನನ ಕೋಣೆ,
ನನ್ನ ಕೈಯಾರೆ ಕೂರಿಸಿದ ಹದಿನೆಂಟು ಹಲಗೆ ಮುಚ್ಚಳ,
ಎಲ್ಲ ಕಿತ್ತು
ಇಸ್ತ್ರಿ ಮಣೆಯಂತೆ ಉದ್ದಕ್ಕೂ ಉಕ್ಕು ಹೊದಿಸಿದರು.
ನಾನೂರು ಅಡಿ. ಅಂಗಳವಲ್ಲ, ರಸ್ತೆಯಲ್ಲ,
ಎರಡೂ ತುದಿ ನೀರಿಗೆ ಬೀಳುವ ದಾರಿ.

ಹೊಟ್ಟೆಗೆ ಮಾತ್ರ ಕೈ ಹಚ್ಚಲಿಲ್ಲ.
ಹ್ಯಾಲಿಫ್ಯಾಕ್ಸಿನ ಕಣಜದಿಂದ ಸುರಿದ ಗೋಧಿ,
ಎಂಟು ಸಾವಿರ ಟನ್ನು;
ಅದರ ಮೇಲೆ ಬಟ್ಟೆ ರೆಕ್ಕೆಯ ನಾಲ್ಕು ವಿಮಾನ.
ಹಾರುವ ಹುಡುಗರೂ ನಮ್ಮ ಪುಸ್ತಕದಲ್ಲೇ ರುಜು ಹಾಕಿದರು,
ಕಾಯಿದೆಯ ಕಣ್ಣಿಗೆ ಅವರೂ ಖಲಾಸಿಗಳೇ:
ತಿಂಗಳಿಗೊಂದು ಶಿಲ್ಲಿಂಗು, ದಿನಕ್ಕೊಂದು ಬಾಟಲಿ ಬಿಯರು.
ಡೆನ್ಜಿಲ್ ಟ್ರೆವಾನಿಯನ್, ಕಾರ್ನ್‌ವಾಲಿನವನು,
ಮೀಸೆ ಬರಿಸಲು ಹೆಣಗುತ್ತಿದ್ದವನು,
ಮೊದಲ ದಿನವೇ ಕೇಳಿದ:
‘ಬಡಗಿ, ಇದು ಹಡಗೋ ಹಗೇವೋ?’
ಗ್ಲೆನ್ ಓರನ್ ಅಂದೆ. ಅವನು ಕೊನೆಯವರೆಗೂ
ಹಗೇವು ಅಂತಲೇ ಕರೆದ.

ನವೆಂಬರು. ಮೂವತ್ತೊಂಬತ್ತು ಹಡಗುಗಳ ನಡುವೆ ನಾವು.
ಮಧ್ಯಾಹ್ನ ಮೂರಕ್ಕೆ ಹೋದವನು ಐದಾದರೂ ಬರಲಿಲ್ಲ.
ಮಂಜೆಂದರೆ ಹಲ್ಲಿನ ಮೇಲೂ ಮಂಜು.
ಇಂಜಿನ್ನಿನ ಸದ್ದು ಮಾತ್ರ ಮೇಲೆ ಸುತ್ತುತ್ತಿತ್ತು,
ಪಕ್ಕದ ಮನೆಯಲ್ಲಿ ಯಾರೋ
ಹೊಲಿಗೆ ಯಂತ್ರ ತುಳಿದಂತೆ.
ಕೆಳಗೆ, ನೀರಿನೊಳಗೆ, ಇನ್ನೊಬ್ಬರ ಕಣ್ಣು.
ದೀಪ ಹಚ್ಚಿದರೆ ಎಲ್ಲರಿಗೂ ಕಾಣುತ್ತೇವೆ,
ಅವನಿಗೂ.

ಮಕಾಸ್ಕಿಲ್ ಕ್ಯಾಪ್ಟನ್, ಸ್ಕೈ ದ್ವೀಪದ ಮುದುಕ,
ಭಾನುವಾರ ಶಿಳ್ಳೆ ಹಾಕಿದರೂ ಗದರುವವನು,
ಗಡಿಯಾರ ತೆಗೆದು ಅಂಗೈಯಲ್ಲಿಟ್ಟುಕೊಂಡ.
‘ಒಂದು ನಿಮಿಷ,’ ಅಂದ.
ದೀಪ ಹತ್ತಿತು.
ನಮ್ಮ ನಮ್ಮ ಮುಖ ಕಂಡು ನಾವೇ ನಾಚಿದೆವು,
ಸ್ನಾನದ ಮನೆಯ ಬಾಗಿಲು ಯಾರೋ ತೆರೆದಂತೆ.
ಆಮೇಲೆ ಅದು ಬಂತು: ಮಂಜಿನಿಂದ ಒದ್ದೆ ಬಟ್ಟೆ,
ಒಂದು ಚಕ್ರ, ಇನ್ನೊಂದು ಚಕ್ರ,
ಮೂರನೆಯ ತಂತಿಗೆ ಕೊಕ್ಕೆ ಸಿಕ್ಕಿ
ಇಡೀ ಹಡಗು ಒಮ್ಮೆ ಬಿಕ್ಕಿತು.
ನಿಮಿಷ ಎರಡಾಗಿತ್ತು. ಗಡಿಯಾರ ನೋಡಿದವರಿಲ್ಲ,
ಹಿಡಿದವನೂ ನೋಡಿರಲಿಲ್ಲ.

ಅರ್ಧ ಗಂಟೆಗೆ ನಮ್ಮ ಹಿಂದಿನ ಎಣ್ಣೆ ಹಡಗು ಹೊತ್ತಿಕೊಂಡಿತು.
ನಮ್ಮ ದೀಪಕ್ಕೋ? ಯಾರೂ ಕೇಳಲಿಲ್ಲ.
ದಿನಚರಿಯಲ್ಲಿ ಮುದುಕ ಬರೆದದ್ದು ಒಂದೇ ಪದ: ‘ಮಂಜು.’
ಆ ವರ್ಷ ಆಮೇಲೆ ಭಾನುವಾರಗಳಲ್ಲಿ
ಯಾರಾದರೂ ಶಿಳ್ಳೆ ಹಾಕಿದರೆ ಸುಮ್ಮನಿರುತ್ತಿದ್ದ.

ರಾತ್ರಿಯಿಡೀ ಸಿಡಿದ ಆಳದ ಬಾಂಬುಗಳ ಹೊಡೆತಕ್ಕೆ
ಕುಡಿಯುವ ನೀರಿನ ಕೊಳವೆ ಬಿರಿದು
ಮೂರನೆಯ ಉಗ್ರಾಣಕ್ಕೆ ಒಸರಿತು.
ಐದು ದಿನದ ಮೇಲೆ ನಾನು ಲಾಂದ್ರ ಹಿಡಿದು ಇಳಿದರೆ
ಗೋಧಿ ಮೊಳೆತಿತ್ತು.
ಬೆಳಕು ಕಾಣದ ಮೊಳಕೆ, ಹಸಿರಲ್ಲ,
ಕೂಸಿನ ಉಗುರಿನ ಬಣ್ಣ.
ಅದರಿಂದ ಬಿಸಿ ಏಳುತ್ತಿತ್ತು.
ಟ್ರೆವಾನಿಯನ್ನನನ್ನು ಕರೆದೆ. ಬಂದ. ಕೈಗವಸು ತೆಗೆದು
ಮೊಣಕೈವರೆಗೆ ಒಳಗೆ ತೂರಿಸಿ
ಬಹಳ ಹೊತ್ತು ಹಾಗೇ ಇದ್ದ.
‘ಆ ಎಣ್ಣೆ ಹಡಗಿನಲ್ಲಿ ಎಷ್ಟು ಜನ?’ ಅಂದ.
ನನಗೆ ಗೊತ್ತಿತ್ತು.
ಗೊತ್ತಿಲ್ಲ ಅಂದೆ.

ಮಾರ್ಚಿನಲ್ಲಿ ಹೋದವನು ಬರಲಿಲ್ಲ.
ಅವತ್ತು ಮಂಜಿರಲಿಲ್ಲ. ಬಿಸಿಲಿತ್ತು,
ದಿಗಂತದವರೆಗೂ ತೊಳೆದಿಟ್ಟ ತಟ್ಟೆ.
ಹಗಲಿನಲ್ಲಿ ಹಚ್ಚಲು ನಮ್ಮ ಬಳಿ ದೀಪವಿರಲಿಲ್ಲ.

ಯುದ್ಧ ಮುಗಿದು ಅದೇ ಕಟ್ಟೆಯಲ್ಲಿ
ಉಕ್ಕನ್ನು ಬೆಂಕಿಯಿಂದ ಕೊಯ್ದು ತೆಗೆದರು.
ಹದಿನೆಂಟು ಮುಚ್ಚಳ ಮತ್ತೆ ಮಾಡಿದೆ, ಪೈನ್ ಮರದಲ್ಲಿ.
ಮಳೆ ಬಿದ್ದರೆ ಹೊಸ ಮರ ಕಿರುಗುಟ್ಟುತ್ತದೆ.
ಮುಂದಿನ ಬೇಸಗೆ ಗ್ರೀನಕ್‌ನ ರೊಟ್ಟಿ ಅಂಗಡಿಯಲ್ಲಿ
ಚೀಟಿ ಹಿಡಿದು ಸಾಲು; ಯುದ್ಧದಲ್ಲಿ ಇಲ್ಲದ ಚೀಟಿ, ಶಾಂತಿಯಲ್ಲಿ.
ಮುಂದಿದ್ದ ಹೆಂಗಸು ಗೊಣಗಿದಳು:
‘ಎಷ್ಟು ಕಪ್ಪು ರೊಟ್ಟಿ! ಗೋಧಿಯೆಲ್ಲ ಎಲ್ಲಿ ಹೋಯಿತೋ!’

ಕಂಪನಿಯ ಕಚೇರಿಯಲ್ಲಿ ಆ ಪುಸ್ತಕ ಈಗಲೂ ಇದೆ.
ಗುಮಾಸ್ತ ಒಮ್ಮೆ ತೆರೆದು ತೋರಿಸಿದ.
ಓರೆಯ ರುಜು, ಶಾಯಿ ಹರಡಿದೆ. ಟ್ರೆವಾನಿಯನ್. ಖಲಾಸಿ.
‘ಕೆಲಸ ಬಿಟ್ಟ ದಿನ’ ಎಂಬ ಮನೆ ಖಾಲಿ.
ಬಾಕಿ: ಬಿಯರು, ಹನ್ನೊಂದು ಬಾಟಲಿ.