ಎರಡು ನಾಲ್ಕು

ಮೂವರ ರಕ್ತ ಒಂದೇ ದಿನ ಪುಣೆಗೆ ಹೋಯಿತು,
ವರದಿ ಒಂದೇ ಲಕೋಟೆಯಲ್ಲಿ ಸೊಲ್ಲಾಪುರಕ್ಕೆ ಬಂತು.
ಡಾಕ್ಟರ್ ದೇಗಾಂವಕರ ಮರಾಠಿಯಲ್ಲಿ ಓದಿಕೊಂಡು
ನಮಗಾಗಿ ಕನ್ನಡಕ್ಕೆ ಇಳಿಸಿದರು, ಮೆಟ್ಟಿಲು ಮೆಟ್ಟಿಲಾಗಿ:
ಎಲ್ಲರೊಳಗೂ ಈ ಜೀನು ಎರಡು ಸಲ ಇರುತ್ತದೆ,
ಒಂದು ಅವ್ವ ಕೊಟ್ಟದ್ದು, ಒಂದು ಅಪ್ಪ.
ಅಂಕಿ ಮೂರಾದರೆ ಮಾಮೂಲಿ.
ನಾಲ್ಕಾದರೆ ಮರೆವು ಬೇಗ ಬಾಗಿಲು ಬಡಿಯಬಹುದು.
"ಬಹುದು," ಎಂದರು ಮತ್ತೊಮ್ಮೆ, ಬೆರಳೆತ್ತಿ.

ನನಗೆ ಒಂದು ಮೂರು, ಒಂದು ನಾಲ್ಕು.
ತಂಗಿ ಗುರುಬಾಯಿಗೆ ಎರಡೂ ಮೂರು.
ಅಣ್ಣ ರೇವಪ್ಪನಿಗೆ ಎರಡೂ ನಾಲ್ಕು.

ಅಣ್ಣ ಜಕಾರ್ಡ್ ಕಾರ್ಡಿಗೆ ತೂತು ಹೊಡೆಯುವವನು,
ಅಶೋಕ ಚೌಕದ ಹಿಂದಿನ ಗಲ್ಲಿಯಲ್ಲಿ ಮೂವತ್ತು ವರ್ಷ
ಚಾದರಿನ ನವಿಲುಗಳನ್ನು ತೂತಿನಲ್ಲೇ ಕಂಡವನು.
"ಒಂದ್ ತೂತು ತಪ್ಪಿದ್ರ
ಅಷ್ಟೂ ನವಿಲಿನ ಕೊಳ್ಳು ಮುರೀತಾವ್ರಿ ಸಾಹೇಬ್ರ.
ಆದ್ರ ಆ ಕಾರ್ಡ್ ತಗದ್ ಒಗೀತೀವಿ ನಾವು."
ಡಾಕ್ಟರು ಕನ್ನಡಕ ಒರೆಸಿಕೊಂಡರು.

ಅವ್ವನದು ಗೊತ್ತಿದ್ದದ್ದೇ. ಏಳು ವರ್ಷದಿಂದ ನೋಡುತ್ತಿದ್ದೇವೆ:
ಮೊದಲು ಮರಾಠಿ ಹೋಯಿತು, ತರಕಾರಿಯವಳ ಜೊತೆಗಿನ ಚೌಕಾಸಿ ಸಮೇತ;
ಆಮೇಲೆ ಪಕ್ಕದ ಮನೆಯ ಪದ್ಮಶಾಲಿ ಗೆಳತಿಯ ತೆಲುಗು.
ಉಳಿದದ್ದು ತವರಿನ ಅಕ್ಕಲಕೋಟೆಯ ಕನ್ನಡ,
ಅದೂ ಲಂಗದ ವಯಸ್ಸಿನದು.

ಆದರೆ ಅಪ್ಪ?
ನಲವತ್ತೊಂದಕ್ಕೇ ಮಿಲ್ಲಿನ ಗೇಟಿನಲ್ಲಿ ಎದೆ ಹಿಡಿದು ಕುಸಿದವನು,
ಕಿರಾಣಿ ಅಂಗಡಿಯ ಬಾಕಿ ಪೈಸೆ ಪೈಸೆ ನೆನಪಿದ್ದವನು.
ಅವನೊಳಗೂ ಒಂದು ನಾಲ್ಕು
ಬದಲಿ ಕೂಲಿಯವನ ಹಾಗೆ
ಕರೆಗಾಗಿ ಕಾಯುತ್ತ ಕೂತಿತ್ತು.
ಸತ್ತು ಮೂವತ್ತೆಂಟು ವರ್ಷಕ್ಕೆ
ಅಪ್ಪನ ಬಗ್ಗೆ ಸಿಕ್ಕ ಹೊಸ ಸುದ್ದಿ ಅದೊಂದೇ.

ರಿಕ್ಷಾದಲ್ಲಿ ಅತ್ತದ್ದು ಗುರುಬಾಯಿ.
"ನನಗೇನೂ ಬರಲಿಲ್ಲ," ಎಂದಳು,
ಅವ್ವನ ಸೀರೆ ಹಂಚುವಾಗ ಬಿಟ್ಟುಹೋದವಳ ಹಾಗೆ.

ಮನೆಗೆ ಬಂದರೆ ಅಣ್ಣನ ಸ್ಕೂಟರಿನ ಚಾವಿ ಇಲ್ಲ.
ನಿನ್ನೆಯಾಗಿದ್ದರೆ ಬೈಯುತ್ತಿದ್ದೆವು.
ಇವತ್ತು ಒಬ್ಬರ ಮುಖ ಒಬ್ಬರು ನೋಡದೆ
ಗೂಡು, ಜಗಲಿ, ಅಕ್ಕಿ ಡಬ್ಬಿಯ ಹಿಂದೆಲ್ಲ ಹುಡುಕಿದೆವು.

ಹೊರಸಿನ ಮೇಲಿಂದ ಅವ್ವ,
ಒಡಪು ಹಾಕದೆ ಗಂಡನ ಹೆಸರು ಎಂದೂ ಹೇಳದವಳು,
ಅಣ್ಣನತ್ತ ತಿರುಗಿ ಕರೆದಳು:
"ಶಿವಮೂರ್ತೀ, ಕಿಸೇ ನೋಡ್ಕೋ."

ಅಣ್ಣ ನೋಡಿಕೊಂಡ.
ಒಂದು ಬೀಡಿ, ಎರಡು ರೂಪಾಯಿಯ ನಾಣ್ಯ,
ಕಾರ್ಡಿನಿಂದ ಉದುರಿದ ದುಂಡನೆ ಚೂರುಗಳು.
ಚಾವಿ ಇರಲಿಲ್ಲ.
"ಹೂಂ," ಅಂದ, "ಸಿಕ್ತು."