ಗೋಡೆಯ ಮೇಲಿನ ಪೆನ್ಸಿಲ್ ಗೆರೆಗಳು

ಜನವರಿಯ ಹಿಮ ಕರಗಿ ರಾತ್ರೋರಾತ್ರಿ ಮತ್ತೆ ಗಾಜಾದ ಬೆಳಿಗ್ಗೆ
ಟ್ರಾಮ್ ನಿಲ್ದಾಣದ ಮುಂದೆ ಜಾರಿದೆ.
ಬೀಳುವಾಗಲೂ ಚೀಲದ ಮೊಟ್ಟೆಗಳು ನೆನಪಾಗಿ
ಎದೆಗವಚಿಕೊಂಡೆ.
ಆರೂ ಉಳಿದವು.
ಹೆಗಲು ಒಡೆಯಿತು.

ಗ್ದಾನ್ಸ್ಕ್‌ನ ಅಂಚೆಕಚೇರಿಯಲ್ಲಿ ಮೂವತ್ತೆರಡು ವರ್ಷ
ಊರಿನ ಮದುವೆ ಸಾವುಗಳ ಮೇಲೆಲ್ಲ
ಠಸ್ಸೆ ಒತ್ತಿದ ತೋಳು
ಕೊರಳಿಗೆ ಕಟ್ಟಿದ ನೀಲಿ ಜೋಳಿಗೆಯಲ್ಲಿ
ಯಾರದೋ ಕೂಸಿನ ಹಾಗೆ ಮಲಗಿತ್ತು.

ಆರು ವಾರ, ಅಂದರು ಡಾಕ್ಟರು. ಇನ್ನೂ ಹುಡುಗ.
ಮೂಳೆ ಅವರ ಮಾತು ಕೇಳಿತು. ತೋಳು ಕೇಳಲಿಲ್ಲ.
ಬೆಳಕಿಗೆ ಎಕ್ಸ್‌ರೇ ಹಿಡಿದು ತೋರಿಸಿದರು:
ನೋಡಿ, ಕೂಡಿದೆ, ಬೆಸುಗೆ ಹಾಕಿದ ಹಾಗೆ.
ಮತ್ತೆ ಎದೆಮಟ್ಟಕ್ಕೇ ಯಾಕೆ ನಿಲ್ಲುತ್ತೆ?
ಅವರು ಕಾಗದ ತೆಗೆದು ಓದಿದರು.
ಮೇಲಿನ ಅರೆಯ ತಟ್ಟೆ ಸಿಗುತ್ತದೆಯೇ?
ತಲೆ ಬಾಚಿಕೊಳ್ಳುತ್ತೀರಾ? ನೋವು ಹತ್ತರಲ್ಲಿ ಎಷ್ಟು?
ಏಳು ಅಂದೆ.
ಲಿಫ್ಟಿಲ್ಲದ ನಾಲ್ಕನೇ ಮಹಡಿ ಯಾವ ಖಾನೆಗೆ?
ಪಿಂಚಣಿಯಲ್ಲಿ ಟ್ಯಾಕ್ಸಿ ಕಳೆದರೆ ಉಳಿಯುವ ಬ್ರೆಡ್ಡು?
ಕಣ್ಣು ಮುಚ್ಚಿದರೆ ಮತ್ತೆ ಜಾರುವ ಆ ಬೀದಿಗೆ ಹೆದರಿ
ಜೋಳಿಗೆ ಬಿಚ್ಚಿದ ಮೇಲೂ
ತೋಳನ್ನು ನಾನೇ ಕಟ್ಟಿಹಾಕಿಕೊಂಡದ್ದು?

ಇನ್ನೊಂದು ಮಾತು. ನನಗೆ ಕೈ ಚಾಚಿ ಅಭ್ಯಾಸವಿಲ್ಲ.
ಸಾಲು ನಿಲ್ಲುವ ಕಾಲದಲ್ಲಿ ಮಾಂಸದಂಗಡಿಯವನ ಮುಂದೆ ಚಾಚಲಿಲ್ಲ,
ಗಂಡ ಹೋದ ಮೇಲೆ ನಾದಿನಿಯ ಮುಂದೆ ಚಾಚಲಿಲ್ಲ.
ಈಗ ಫಿಸಿಯೋ ಹುಡುಗಿ ದಿನಾ ಅನ್ನುತ್ತಾಳೆ,
ಚಾಚಿ ಪಾನಿ ಸೆವೆರಿನಾ, ಇನ್ನೂ ಚಾಚಿ.

ಒಂಬತ್ತನೇ ವಾರ
ಸೌತೆಕಾಯಿ ಉಪ್ಪುನೀರಿನ ಜಾಡಿಯನ್ನು
ತೊಡೆಗಳ ನಡುವೆ ಇರುಕಿ, ಎಡಗೈಯಲ್ಲಿ
ತಿರುವುತ್ತ ತಿರುವುತ್ತ ಕೈಬಿಟ್ಟೆ. ಒಡೆಯಲಿಲ್ಲ. ಉರುಳಿತು,
ಈ ಗೋಡೆಯಿಂದ ಆ ಗೋಡೆಗೆ.
ಕೆಳಗಿನ ಮನೆಯವನಿಗೆ ಕೇಳಿತು.

ಪಾನ್ ಜಿಗ್ಮುಂಟ್. ಹನ್ನೊಂದು ವರ್ಷದಿಂದ ಮಾತಿಲ್ಲ.
ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಗೋಡೆಯ ಸುಣ್ಣ ನೋಡುವವರು.
ಅವನ ಅಡುಗೆಮನೆಗೆ ಆಗ ನೀರು ಇಳಿದಿತ್ತು.
ನಮ್ಮ ಮನೆಯದಲ್ಲ ಅಂದಿದ್ದೆ, ಎರಡು ಸಲ,
ಎರಡನೇ ಸಲ ಪತ್ರ ಬರೆದು.

ಬಾಗಿಲು ತಟ್ಟಿದ. ಬಿದ್ದಿರಾ?
ನಾನಲ್ಲ, ಜಾಡಿ.
ಮುಚ್ಚಳ ತೆಗೆದ, ಒಂದು ಸೌತೆಕಾಯಿ ತಾನೇ ತಿಂದ,
ಉಪ್ಪು ಜಾಸ್ತಿ ಅಂದು ಇಳಿದು ಹೋದ.

ಮಾರನೆಯ ದಿನ ನಾನೇ ಇಳಿದೆ. ಇನ್ನೊಂದು ಜಾಡಿ.
ಏನು ಮಾಡೋಕೆ ಹೇಳಿದ್ದಾರೆ, ಅಂದ ತೋಳಿನ ಕಡೆ ಗದ್ದ ತೋರಿ.
ಬೆರಳಲ್ಲಿ ಗೋಡೆ ಹತ್ತಬೇಕಂತೆ, ಜೇಡನ ಹಾಗೆ.
ನನ್ನ ಮನೆಯ ಗೋಡೆಗಳಲ್ಲಿ ಜಾಗವಿಲ್ಲ: ಬೀರು, ದೇವರು, ಸತ್ತವರು.
ಇವನದು ಬೋಳು.

ಹಡಗುಕಟ್ಟೆಯಲ್ಲಿ ಬಡಗಿಯಾಗಿದ್ದವನು, ಕಿವಿಯ ಮೇಲೆ ಇನ್ನೂ ಪೆನ್ಸಿಲು.
ಬೆರಳು ನಿಂತಲ್ಲಿ ಗೆರೆ ಎಳೆದು ತಾರೀಖು ಬರೆದ,
ಬೆಳೆಯುವ ಮಗುವಿಗೆ ಎಳೆಯುವಂತೆ.
ಭೇಷ್ ಅನ್ನಲಿಲ್ಲ, ಅಯ್ಯೋ ಅನ್ನಲಿಲ್ಲ.
ನಿನ್ನೆಗಿಂತ ಒಂದು ನೂಲು ಕೆಳಗಿದ್ದರೆ
ಕೆಳಗೇ ಬರೆದ.

ಗೆರೆಗಳ ನೇರಕ್ಕೆ ಮೇಲೆ, ಚಾವಣಿಯ ಮೂಲೆಯಿಂದ
ಗೋಡೆಗೆ ಬಾಲ ಇಳಿಬಿಟ್ಟು ಕೂತಿತ್ತು ಅದು.
ಕಡುಚಹದ ಬಣ್ಣದ ಕಲೆ. ಬಣ್ಣ ಹಚ್ಚದೆ
ಹನ್ನೊಂದು ವರ್ಷ ಇಟ್ಟುಕೊಂಡಿದ್ದ ಸಾಕ್ಷಿ.
ಅವನೂ ಅದರ ಮಾತೆತ್ತಲಿಲ್ಲ. ನನ್ನ ಬೆರಳು ಮಾತ್ರ
ದಿನಾ ಅದರ ಕಡೆಗೇ ತೆವಳುತ್ತಿತ್ತು.

ಮೇ ತಿಂಗಳು, ಕಿಟಕಿಯಾಚೆ ಚೆಸ್ಟ್‌ನಟ್ ಹೂಬಿಟ್ಟಿತ್ತು.
ಕಲೆಯ ಬಾಲಕ್ಕೆ ಒಂದು ಗೇಣು ಇದೆ ಅನ್ನುವಾಗ ಬೆರಳು ನಿಂತಿತು.
ಅಲ್ಲಿಂದ ಮೇಲೆ ಇವತ್ತಿಗೂ ಹತ್ತಿಲ್ಲ.
ಮೂಗು ಗೋಡೆಗೆ ತಾಗುವಷ್ಟು ಹತ್ತಿರ ನಿಂತು ಅಂದೆ,
ನೀರು ನಮ್ಮದೇ. ಬಟ್ಟೆ ಒಗೆಯುವ ಮೆಷೀನಿನ ಪೈಪು.
ಅವನು ಗೆರೆ ಎಳೆದ. ತಾರೀಖು ಬರೆದ.
ಗೊತ್ತು, ಅಂದ.

ಬೆನ್ನಿನ ಹುಕ್ಕು ಈಗಲೂ ಸಿಗುವುದಿಲ್ಲ,
ಮುಂದೆ ಗುಂಡಿ ಇರುವುದನ್ನೇ ತೊಡುತ್ತೇನೆ.
ಮೊನ್ನೆ ಆಸ್ಪತ್ರೆಯಲ್ಲಿ ಹುಡುಗ ಡಾಕ್ಟರು
ಮತ್ತದೇ ಕಾಗದ ತುಂಬಿಸಿ, ತೃಪ್ತಿಕರ ಅಂತ ಬರೆದು
ಠಸ್ಸೆ ಒತ್ತಿದರು. ವಾರೆಯಾಗಿ ಬಿತ್ತು, ಅರ್ಧ ಮಸಿ.

ಕೊಡಿ ಇಲ್ಲಿ,
ಅಂತ ಕೈ ಚಾಚಿದೆ.